ಉಗುರು ತಾಗಿಸದೆ ಹಾಕಿಕೊಂಡ ಸ್ಕೇಟ್

ಅವರ ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೂ ಗೀರು ಬಿದ್ದು ಒರಟಾಗಿರುತ್ತಿತ್ತು. ಸ್ಕೇಟಿನ ಬ್ಲೇಡ್ ಹರಿತವಾಗಿದೆಯೋ ಇಲ್ಲವೋ ಎಂದು ನೋಡಲು ಅವರು ಆ ಉಗುರನ್ನು ಅಂಚಿಗೆ ಅಡ್ಡ ಹಿಡಿದು ಎಳೆಯುತ್ತಿದ್ದರು. ಉಗುರಿನ ಪುಡಿ ಬಿಳಿಯಾಗಿ ಎದ್ದು ಬಂದರೆ ಸ್ಕೇಟನ್ನು ಅದರ ಹುಡುಗನ ಕಡೆ ಎಸೆದು "ಹೋಗು" ಎನ್ನುವರು. ಬಾರದಿದ್ದರೆ ನನ್ನ ಕಡೆ ಎಸೆಯುವರು. ಆಗ "ಹೋಗು" ಎಂಬ ಮಾತೂ ಇರುತ್ತಿರಲಿಲ್ಲ.

ಅವರು ಕುವೈತಿನ ಒಂದು ಐಸ್ ರಿಂಕಿನಲ್ಲಿ ಮಕ್ಕಳಿಗೂ ದೊಡ್ಡವರಿಗೂ ಐಸ್-ಹಾಕಿ ಆಟ ಕಲಿಸುತ್ತಿದ್ದ ಕೋಚು. ನಾನು ಶುವೈಖ್ ಇಂಡಸ್ಟ್ರಿಯಲ್ ಏರಿಯಾದ ವರ್ಕ್‌ಶಾಪೊಂದರಲ್ಲಿ ಗ್ರೈಂಡಿಂಗ್ ಮಷಿನ್ ನಡೆಸುತ್ತಿದ್ದವನು. ಕುಂದಾಪುರದ ಕಡೆಯವನಾದ ನಾನು ಮಂಜುಗಡ್ಡೆ ಎಂದು ಕಂಡದ್ದು ಮೀನಿನ ಪೆಟ್ಟಿಗೆಯಲ್ಲಿ ಮಾತ್ರ. ಹೊರಗೆ ಐವತ್ತು ಡಿಗ್ರಿ ಬಿಸಿಲಿರುವ ಊರಿನಲ್ಲಿ ಒಳಗೆ ಐಸ್ ಮಾಡಿ, ಅದರ ಮೇಲೆ ಕೋಲು ಹಿಡಿದು ಪಕ್ ಎಂಬ ರಬ್ಬರ್ ಬಿಲ್ಲೆಗಾಗಿ ಬಡಿದಾಡುತ್ತಾರೆ ಎಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಒಂದು ದಿನ ರಿಂಕಿನ ಡ್ರೈವರ್ ಬಂದು ಒಂದು ಜೊತೆ ಸ್ಕೇಟ್ ನನ್ನ ಮೇಜಿನ ಮೇಲಿಟ್ಟ. ಅಲ್ಲಿನ ಮಷಿನ್ ಕೆಟ್ಟಿದೆ, ಇದನ್ನು ಚೂಪು ಮಾಡಿಕೊಡಬೇಕಂತೆ, ಕೋಚಿನದು, ಯಲ್ಲಾ ಯಲ್ಲಾ, ಬೇಗ ಬೇಗ, ಎಂದ.

ನನಗೆ ಕೆಲಸದ ಬಗ್ಗೆ ಸ್ವಲ್ಪ ಅಹಂಕಾರವೇ ಇತ್ತು. ರಿಫೈನರಿಯಿಂದ ಬರುವ ಪಂಪಿನ ಭಾಗಗಳನ್ನು ಕೂದಲೆಳೆಯ ವ್ಯತ್ಯಾಸವೂ ಬಾರದಂತೆ ಸಮ ಮಾಡುತ್ತಿದ್ದ ಕೈ ಇದು. ಬ್ಲೇಡುಗಳನ್ನು ನೋಡಿದೆ. ಎರಡರಲ್ಲೂ ಉದ್ದಕ್ಕೆ ನಡುವೆ ಒಂದು ಸಣ್ಣ ತೋಡು. ಪಾಪ, ಎಷ್ಟು ಸವೆದಿದೆ ಎಂದುಕೊಂಡೆ. ಆ ತೋಡು ಪೂರ್ತಿ ಹೋಗುವವರೆಗೆ ಕಲ್ಲಿಗೆ ಕೊಟ್ಟು, ತಳವನ್ನು ಚಪ್ಪಟೆ ಮಾಡಿ, ಪಾಲಿಶ್ ಹಿಡಿದು, ಮುಖ ನೋಡಿಕೊಳ್ಳುವ ಹಾಗೆ ಹೊಳಪು ಬರಿಸಿ ಕಳಿಸಿದೆ. ಆ ಹೊಳಪನ್ನು ಪಕ್ಕದ ಮಷಿನಿನವನನ್ನು ಕರೆದು ತೋರಿಸಿದ್ದೆ ಕೂಡ.

ಮರುದಿನ ಅವರೇ ಬಂದರು. ಹಣೆಯ ಮೇಲೆ ನಿಂಬೆಹಣ್ಣಿನಷ್ಟು ಊತ. ನಲವತ್ತು ಮಕ್ಕಳ ಎದುರಿಗೆ, ಐಸಿನ ಮೇಲೆ ಮೊದಲ ಹೆಜ್ಜೆಯಿಟ್ಟ ಕೂಡಲೇ ಅಂಗಾತ ಬಿದ್ದು, ಎದ್ದು, ಮತ್ತೆ ಬೋರಲು ಬಿದ್ದಿದ್ದರಂತೆ. ಅವರ ಇಂಗ್ಲಿಷ್ ನನ್ನದರಷ್ಟೇ ಮುರುಕು. ಇಬ್ಬರಿಗೂ ಅದು ಸಾಲವಾಗಿ ಬಂದ ಭಾಷೆ. "ಯಾರು ಮಾಡಿದ್ದು?" ಎಂದರು. ನಾನು ಕೈಯೆತ್ತಿದೆ. ಕಾರು ಹತ್ತು ಎಂದರು. ನಮ್ಮ ಮುದೀರ್, ಅಂದರೆ ಮ್ಯಾನೇಜರು, ಗಾಜಿನ ಕೋಣೆಯಿಂದ ನೋಡುತ್ತಾ ಕುಳಿತರೇ ಹೊರತು ಹೊರಗೆ ಬರಲಿಲ್ಲ.

ರಿಂಕಿನಲ್ಲಿ ಅವರು ಆ ಸ್ಕೇಟುಗಳನ್ನೇ ನನ್ನ ಕಾಲಿಗೆ ಹಾಕಿಸಿ, ದಾರ ಬಿಗಿದು, ಐಸಿನ ಮೇಲೆ ತಳ್ಳಿದರು. ಆಮೇಲೆ ಬೆಂಚಿನ ಮೇಲೆ ಕುಳಿತು ಸೂರ್ಯಕಾಂತಿ ಬೀಜ ಒಡೆದು ತಿನ್ನತೊಡಗಿದರು. ನಾನು ಬಿದ್ದೆ. ಎದ್ದೆ. ಬಿದ್ದೆ. ಮಕ್ಕಳು ನಕ್ಕರು. ಪ್ಯಾಂಟು ಒದ್ದೆಯಾಗಿ, ಮೊಣಕೈ ತರಚಿ, ಸಿಟ್ಟಿನಲ್ಲಿ ಅಳು ಬಂತು. ಬೀಜದ ಪೊಟ್ಟಣ ಖಾಲಿಯಾದ ಮೇಲೆ ಅವರು ಬಂದು ನನ್ನ ಕಾಲರು ಹಿಡಿದು ಎತ್ತಿದರು.

"ತೋಡು ಯಾಕಿದೆ ಅಂತ ಈಗ ಗೊತ್ತಾಯ್ತಾ? ತೋಡಿದ್ದರೆ ಎರಡು ಕಡೆ ಎರಡು ಅಂಚು. ಅಂಚು ಕಚ್ಚಿದರೆ ಮನುಷ್ಯ ನಿಲ್ಲುತ್ತಾನೆ. ನೀನು ನನಗೆ ಕನ್ನಡಿ ಮಾಡಿಕೊಟ್ಟೆ, ಮಿರರ್."

ಅವತ್ತಿನಿಂದ ನನ್ನ ಹೆಸರು ಮಿರರ್. ರಿಂಕಿನಲ್ಲಿ ಎಲ್ಲರೂ ಹಾಗೇ ಕರೆದರು. ಅಲ್ಲಿನ ಕೆಟ್ಟ ಮಷಿನನ್ನು ರಿಪೇರಿ ಮಾಡಿದವನು ನಾನೇ ಆದ್ದರಿಂದ ಚೂಪು ಮಾಡುವ ಕೆಲಸವೂ ನನ್ನ ಕೊರಳಿಗೇ ಬಿತ್ತು. ವಾರಕ್ಕೆ ಎರಡು ಸಂಜೆ ಮತ್ತು ಶುಕ್ರವಾರ ಬೆಳಿಗ್ಗೆ ಹೋಗುತ್ತಿದ್ದೆ. ಅವರದು ಒಂದೇ ನಿಯಮ: ಹೊಸ ಬಗೆಯಲ್ಲಿ ಏನು ಹರಿತ ಮಾಡಿದರೂ ಮೊದಲು ನಾನೇ ಹಾಕಿಕೊಂಡು ಐಸಿನ ಮೇಲೆ ನಿಲ್ಲಬೇಕು. ತಪ್ಪಿದ್ದರೆ ನಾನೇ ಬೀಳಬೇಕು. ಹೀಗೆ ಬಿದ್ದೂ ಬಿದ್ದೂ ಒಂದು ವರ್ಷದಲ್ಲಿ ನನಗೆ ಕೆಲಸ ಬಂತು. ಮೂವತ್ತು ಕಿಲೋ ತೂಗುವ ಮಗುವಿಗೆ ಎಷ್ಟು ಆಳದ ತೋಡು ಬೇಕು, ಗೋಲಿಗೆ ನಿಲ್ಲುವವನಿಗೆ ಎಷ್ಟು ಎಂಬುದನ್ನು ಕಾಲೇ ಹೇಳುತ್ತಿತ್ತು. ಅವರು ಕಲಿಸಿದರು ಎಂದು ಹೇಳಲಾರೆ. ಬೀಳಿಸಿದರು, ನಾನು ಕಲಿತೆ.

ಅವರು ಸ್ಲೊವಾಕಿಯಾದವರು. ಸಂಬಳಕ್ಕೆ ಆಡಿದ್ದು ಹನ್ನೊಂದು ವರ್ಷ. ಗೋಲು ಹೊಡೆಯುವವರಲ್ಲ. ಎದುರಾಳಿಯನ್ನು ಐಸಿನ ಸುತ್ತಲಿನ ಹಲಗೆಯ ಕಟಾಂಜನಕ್ಕೆ ಒತ್ತಿ ಕೆಡವುವುದು, ತಾನೂ ಹೊಡೆತ ತಿನ್ನುವುದು, ಇದೇ ಅವರ ಉದ್ಯೋಗ. ಮೇಲಿನ ನಾಲ್ಕು ಹಲ್ಲು ಕಟ್ಟಿಸಿದವು. ಎಡ ಮೊಣಕಾಲು ಹೋದದ್ದು ಪಂದ್ಯದಲ್ಲಲ್ಲ, ಅಭ್ಯಾಸದಲ್ಲಿ, ತಮ್ಮದೇ ತಂಡದವನು ಬಂದು ಗುದ್ದಿದ್ದರಿಂದ. ಹಾಲಿಲ್ಲದ ಚಹಾ ಕುಡಿಯುತ್ತಾ ಒಮ್ಮೆ ಹೇಳಿದ್ದರು: "ಸೋಮವಾರ ಆಪರೇಷನ್. ಬುಧವಾರ ನನ್ನ ನಂಬರಿನ ಅಂಗಿ ಬೇರೊಬ್ಬನ ಮೈಮೇಲಿತ್ತು. ಆಸ್ಪತ್ರೆಯ ಟಿವಿಯಲ್ಲಿ ನೋಡಿದೆ. ಚೆನ್ನಾಗಿ ಆಡಿದ, ನಾಯಿ." ಹೇಳಿ ನಕ್ಕರು. ನನಗೆ ನಗಬೇಕೋ ಬೇಡವೋ ಗೊತ್ತಾಗಲಿಲ್ಲ.

ಹೀಗೆ ಹೊರಬಿದ್ದವರು ಐದಾರು ವರ್ಷ ಅಲ್ಲಿಲ್ಲಿ ಕೋಚಾಗಿದ್ದು ಕುವೈತಿಗೆ ಬಂದಿದ್ದರು. ತಮಗೆ ಆದದ್ದನ್ನೇ ಬೇರೆಯವರಿಗೂ ಮಾಡುವುದು ಕಲಿಸುವ ರೀತಿ ಎಂದು ನಂಬಿದ್ದರು. ಅಳುವ ಮಗುವಿನ ಸುತ್ತ ಸ್ಕೇಟ್ ಮಾಡುತ್ತಾ, ಅದು ಅಳು ನಿಲ್ಲಿಸುವವರೆಗೆ "ಐಸ್ ಯಾರ ತಾಯಿಯೂ ಅಲ್ಲ" ಎಂದು ಹೇಳುತ್ತಿದ್ದರು. ಬೈಯಲು ಬಂದ ತಾಯಂದಿರಿಗೂ ಅದೇ ಮಾತು. ರಿಂಕಿನ ಮುದೀರರ ಅಣ್ಣನ ಮಗನನ್ನೇ ತಂಡದಿಂದ ತೆಗೆದಾಗ ಅವರ ಕೆಲಸ ಹೋಯಿತು ಎಂದೇ ಎಲ್ಲರೂ ತಿಳಿದಿದ್ದರು. ಅವರು ಮಾತ್ರ ಎರಡು ದಿನ ಸೂಟ್‌ಕೇಸ್ ಕಟ್ಟಿಟ್ಟು ಅದೇ ಹಟದಲ್ಲಿ ಕುಳಿತಿದ್ದರು. ಮೂರನೆಯ ದಿನ ಮುದೀರರೇ ಸೋತು ಸುಮ್ಮನಾದರು. ಆ ಕ್ರೌರ್ಯದಲ್ಲಿ ಪಂಕ್ತಿಭೇದ ಇರಲಿಲ್ಲ ಎಂಬುದನ್ನು ಒಪ್ಪಲೇಬೇಕು.

ಅವರ ಒಂದು ಗುಟ್ಟು ನನಗೆ ಗೊತ್ತಿತ್ತು. ಹರಿತ ಮಾಡುವವನಿಗೆ ಬ್ಲೇಡಿನ ಸವೆತವೇ ಜಾತಕ. ಅವರ ಬಲಗಾಲಿನ ಬ್ಲೇಡ್ ವಾರಕ್ಕೊಮ್ಮೆ ಸವೆಯುತ್ತಿತ್ತು. ಎಡಗಾಲಿನದು ತಿಂಗಳಾದರೂ ಹಾಗೇ ಇರುತ್ತಿತ್ತು. ತಿರುಗಲು, ತಳ್ಳಲು, ನಿಲ್ಲಲು, ಎಲ್ಲದಕ್ಕೂ ಬಲಗಾಲನ್ನೇ ದುಡಿಸುತ್ತಿದ್ದರು. ಕೇಳಿದಾಗ ಬಾಗಿಲು ಹಾಕಿ ಬಂದು ಹೇಳಿದರು: "ಎಡಗಾಲಿಗೆ ಇನ್ನೊಂದು ಪೆಟ್ಟು ಬಿದ್ದರೆ ಖಲಾಸ್ ಅಂದಿದ್ದಾರೆ ಡಾಕ್ಟರು. ಐಸಿನ ಮೇಲೆ ನಿಂತು ಕಲಿಸಬೇಕು ಅಂತ ಕಾಂಟ್ರಾಕ್ಟಿನಲ್ಲಿದೆ. ನಿಲ್ಲಲಾರದವನಿಗೆ ಇಕಾಮಾ ಇಲ್ಲ, ಈ ದೇಶದಲ್ಲಿರಲು ಪರವಾನಗಿ ಇಲ್ಲ. ಊರಲ್ಲಿ ನನಗೆ ಯಾರೂ ಇಲ್ಲ, ಮಿರರ್. ಇರುವುದು ಈ ಐಸ್ ಒಂದೇ. ಬಾಯಿಬಿಟ್ಟೆಯೋ ಕೊಲ್ಲುತ್ತೇನೆ." ನಾನು ಬಾಯಿಬಿಡಲಿಲ್ಲ. ಅಂದಿನಿಂದ ಅವರ ಬಲಗಾಲಿನ ಸ್ಕೇಟನ್ನು ದೇವರ ದೀಪದ ಹಾಗೆ ನೋಡಿಕೊಂಡೆ.

ಮೂರನೆಯ ವರ್ಷದ ಒಂದು ಶುಕ್ರವಾರ ಒಂದು ಸಂಗತಿ ನಡೆಯಿತು. ಎಲ್ಲರ ಸ್ಕೇಟುಗಳಿಗೂ ಉಗುರು ತಾಗಿಸಿ ಪರೀಕ್ಷಿಸಿದ ಮೇಲೆ ಅವರು ತಮ್ಮದನ್ನು ನನ್ನ ಕೈಯಿಂದ ತೆಗೆದುಕೊಂಡು, ಉಗುರು ತಾಗಿಸದೆ, ಸೀದಾ ಕಾಲಿಗೆ ಹಾಕಿಕೊಂಡರು. ನಾನು ನೋಡುತ್ತಲೇ ನಿಂತೆ. ಮುಂದಿನ ವಾರವೂ ಹಾಗೆಯೇ.  ಮನೆಗೆ ಹೋಗಿ ಹೆಂಡತಿಗೆ ಹೇಳಿಕೊಂಡು ಹಿಗ್ಗಿದೆ. ನನ್ನ ಮೂವತ್ತು ವರ್ಷದ ದುಡಿಮೆಯಲ್ಲಿ ಸಿಕ್ಕ ಬಿರುದು ಅದೊಂದೇ.

ಇನ್ನು ನನ್ನ ಮಗಳ ವಿಷಯ. ಅವಳಿಗೆ ಒಂಬತ್ತು ವರ್ಷವಾದಾಗ ಅವರೇ ಅವಳನ್ನು ಐಸಿನ ಮೇಲೆ ಇಳಿಸಿದರು. ಹೆಂಡತಿಗೆ ಶುಕ್ರವಾರ ಆಸ್ಪತ್ರೆಯಲ್ಲಿ ಡ್ಯೂಟಿ, ಆದ್ದರಿಂದ ಮಗಳನ್ನು ನನ್ನ ಜೊತೆ ಕರೆದುಕೊಂಡು ಹೋಗುತ್ತಿದ್ದೆ. "ಇವಳು ಬಿದ್ದಾಗ ನಿನ್ನ ಹಾಗೆ ಯಾರು ನೋಡಿದರು ಅಂತ ಸುತ್ತ ನೋಡುವುದಿಲ್ಲ, ಎದ್ದುಬಿಡುತ್ತಾಳೆ" ಎಂದು ಹುಡುಗರ ಜೊತೆಗೇ ಸೇರಿಸಿಕೊಂಡರು. ಎರಡು ವರ್ಷದಲ್ಲಿ ಅವಳು ಎಷ್ಟು ವೇಗವಾದಳೆಂದರೆ ಒಬ್ಬ ಹುಡುಗ ಬಿಟ್ಟರೆ ಅವಳಿಗಿಂತ ಮುಂದೆ ಯಾರೂ ಇರಲಿಲ್ಲ. ಮಕ್ಕಳ ತಂಡ ದುಬೈಗೆ ಪಂದ್ಯಕ್ಕೆ ಹೋಗುವುದೆಂದಾಗ ನಾವು ಅವಳ ಪಾಸ್‌ಪೋರ್ಟ್ ತೆಗೆದಿಟ್ಟು, ಊರಿಗೆಲ್ಲ ಫೋನ್ ಮಾಡಿ ಹೇಳಿಯೂ ಆಗಿತ್ತು.

ಆಯ್ಕೆಯ ದಿನ ಅಪ್ಪ ಅಮ್ಮಂದಿರೆಲ್ಲ ಬೆಂಚಿನ ಮೇಲಿದ್ದೆವು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಕೋಲಿನಿಂದ ಒಬ್ಬೊಬ್ಬರ ಹೆಲ್ಮೆಟ್ ತಟ್ಟುತ್ತಾ ಬಂದರು. ತಟ್ಟಿಸಿಕೊಂಡವರು ತಂಡಕ್ಕೆ. ನನ್ನ ಮಗಳ ಎದುರು ನಿಂತು ಕೋಲು ಕೆಳಗಿಳಿಸಿದರು.

"ನೀನು ವೇಗ ಇದ್ದೀಯ. ಆದರೆ ಪಕ್ ಎದುರಿಗೆ ಬಂದಾಗ ಕಣ್ಣು ಮುಚ್ಚುತ್ತೀಯ. ಎರಡು ವರ್ಷದಿಂದ ಹೇಳಿದ್ದೇನೆ. ಹೆದರುವವರು ನನ್ನ ತಂಡದಲ್ಲಿಲ್ಲ. ಹೋಗು, ಅಪ್ಪನ ಹತ್ತಿರ ಹೋಗಿ ಕನ್ನಡಿಯಲ್ಲಿ ನಿನ್ನ ಮುಖ ನೋಡಿಕೋ."

ಬೆಂಚಿನವರೆಲ್ಲ ನಕ್ಕರು. ನನ್ನ ಅಡ್ಡಹೆಸರು ಎಲ್ಲರಿಗೂ ಗೊತ್ತಿತ್ತಲ್ಲ. ಮಗಳು ಹೆಲ್ಮೆಟ್ ತೆಗೆಯದೆ ಹೊರಗೆ ಬಂದಳು. ನಾನು ಅವರ ಹಿಂದೆ ಹೋಗಿ, ಎಷ್ಟೋ ತಗ್ಗಿಸಿದ ದನಿಯಲ್ಲಿ, ಇನ್ನೊಮ್ಮೆ ನೋಡಿ ಎಂದೆ. ಅವರು ಬಾಯಿಂದ ಕಟ್ಟಿಸಿದ ಹಲ್ಲು ತೆಗೆದು ಅಂಗೈ ಮೇಲಿಟ್ಟು ತೋರಿಸಿದರು. "ಅವಳಿಗೆ ಇಂಥವು ಬೇಕಾ? ಅಳುವುದಾದರೆ ಹೊರಗೆ ಅಳು. ಪಾರ್ಕಿಂಗ್ ಉಂಟು."

ಮನೆಯಲ್ಲಿ ನಾನು ಕೂಗಾಡಿದೆ. ಹೆಂಡತಿ ಅಕ್ಕಿ ತೊಳೆಯುತ್ತಾ ಕೇಳಿಸಿಕೊಂಡು ಕಡೆಗೆ ಹೇಳಿದಳು: "ಹ್ವಾಯ್, ಅವ್ರ್ ಹೇಳದ್ ಸುಳ್ಳಾ? ಹೆಣ್ಣ್ ಕಣ್ಣ್ ಮುಚ್ಚುದ್ ನೀವ್ ಕಾಣ್ಲಿಲ್ಯಾ?"

ಕಂಡಿದ್ದೆ. ಅದೇ ತೊಂದರೆ. ಸುಳ್ಳು ಹೇಳಿದವನನ್ನು ಕ್ಷಮಿಸಬಹುದಿತ್ತು.

ಮುಂದಿನ ಶುಕ್ರವಾರ ಬೆಳಿಗ್ಗೆ ಅವರ ಸ್ಕೇಟನ್ನು ಕಲ್ಲಿಗೆ ಕೊಟ್ಟೆ. ಎಡಗಾಲಿನದನ್ನು ಸರಿಯಾಗಿ ಮಾಡಿದೆ. ಬಲಗಾಲಿನದನ್ನೂ ಸರಿಯಾಗಿಯೇ ಮಾಡಿ, ಆಮೇಲೆ ಅದರ ಒಳ ಅಂಚಿನಲ್ಲಿ, ನಡುವೆ, ಮೂರು ಬೆರಳಗಲದಷ್ಟನ್ನು ಎಣ್ಣೆಕಲ್ಲಿನಿಂದ ಉಜ್ಜಿ ಮೊಂಡು ಮಾಡಿದೆ. ಮೊದಲ ಸಲ ಮಾಡಿದ ಹಾಗೆ ಪೂರ್ತಿ ಚಪ್ಪಟೆ ಮಾಡಿದ್ದರೆ ಮೊದಲ ಹೆಜ್ಜೆಯಲ್ಲೇ ಗೊತ್ತಾಗುತ್ತಿತ್ತು. ಇದು ನಿಧಾನವಾಗಿ ಹೋಗುವಾಗ ತಿಳಿಯದು. ವೇಗದಲ್ಲಿ ಬಂದು ಬಲಗಾಲು ಅಡ್ಡ ಕೊಟ್ಟು ನಿಲ್ಲಲು ನೋಡಿದಾಗ ಮಾತ್ರ ತಿಳಿಯುವುದು. ನನ್ನ ಜೀವನದಲ್ಲಿ ಅಷ್ಟು ನಾಜೂಕಾದ ಕೆಲಸ ಮತ್ತೊಂದು ಮಾಡಿಲ್ಲ. ಒಮ್ಮೆ ಬೀಳಲಿ, ಮಕ್ಕಳೆದುರು ಮಾನ ಹೋಗಲಿ, ಅಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಆದರೆ ಎಡ ಮೊಣಕಾಲಿನ ಸಂಗತಿ ಗೊತ್ತಿದ್ದವನು ಆ ರಿಂಕಿನಲ್ಲಿ ನಾನೊಬ್ಬನೇ.

ಅವರು ಸ್ಕೇಟ್ ತೆಗೆದುಕೊಂಡರು. ಉಗುರು ತಾಗಿಸಲಿಲ್ಲ. ದಾರ ಕಟ್ಟುವಾಗ "ಮಗಳು ಬಂದಿದ್ದಾಳಾ?" ಎಂದು ಕೇಳಿದರು. ಬಂದಿದ್ದಳು, ಕ್ಲಬ್ಬಿನ ಅಂಗಿ ವಾಪಸು ಕೊಡುವುದಕ್ಕೆ. ಆಗಲೂ ನಾನು ಒಂದು ಮಾತು ಹೇಳಬಹುದಿತ್ತು. ಕೊಡಿ, ಇನ್ನೊಮ್ಮೆ ನೋಡುತ್ತೇನೆ ಎಂದಿದ್ದರೆ ಸಾಕಿತ್ತು.

ಗಾಜಿನ ಈಚೆ ಮಗಳ ಪಕ್ಕದಲ್ಲಿ ನಿಂತು ನೋಡಿದೆ. ಮಕ್ಕಳಿಗೆ ತಕ್ಷಣ ನಿಲ್ಲುವುದು ಹೇಗೆಂದು ತೋರಿಸಲು ಆ ತುದಿಯಿಂದ ಜೋರಾಗಿ ಬಂದರು. ಕಟಾಂಜನದ ಹತ್ತಿರ ಬಲಗಾಲು ಅಡ್ಡ ಕೊಟ್ಟರು. ಅದು ಕಚ್ಚಲಿಲ್ಲ. ಕಟಾಂಜನದ ಹಲಗೆಗೆ ಎಡ ಮೊಣಕಾಲು ಬಡಿದ ಸದ್ದು ಗಾಜಿನ ಈಚೆಗೂ ಕೇಳಿಸಿತು. ಇದೂ ಪಾಠದ ಭಾಗ ಎಂದುಕೊಂಡು ಮಕ್ಕಳು ಚಪ್ಪಾಳೆ ತಟ್ಟಿದರು.

ಅವರು ಕೂಗಲಿಲ್ಲ. ಎಡಗಾಲು ಯಾವುದೋ ಬೇರೆಯವರದ್ದೆಂಬಂತೆ ಅಡ್ಡಾದಿಡ್ಡಿಯಾಗಿ ಬಿದ್ದಿತ್ತು. ಓಡಿ ಬಂದವರನ್ನೆಲ್ಲ ಕೈಯಿಂದ ತಡೆದು, ಕುಳಿತಲ್ಲೇ ಬಲಗಾಲನ್ನು ಎಳೆದುಕೊಂಡು, ಬ್ಲೇಡಿನ ಒಳ ಅಂಚಿನ ಮೇಲೆ ಉಗುರು ಇಟ್ಟು ಮೆಲ್ಲಗೆ ಎಳೆದರು. ನಡುವೆ ಬಂದಾಗ ಕೈ ನಿಂತಿತು. ತಲೆಯೆತ್ತಿ ಗಾಜಿನ ಕಡೆ ನೋಡಿದರು. ನನ್ನನ್ನು ಹುಡುಕಲು ಅವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಆಮೇಲೆ ಬಗ್ಗಿದ ಮುದೀರರಿಗೆ ಹೇಳಿದರು: "ಹಳೇ ಮೊಣಕಾಲು. ಮೊದಲೇ ಹಾಳಾಗಿತ್ತು. ನಾನು ಮುಚ್ಚಿಟ್ಟಿದ್ದೆ."

ಆ ಒಂದು ಮಾತಿನಿಂದ ಅವರ ಕೆಲಸ ಅಲ್ಲೇ ಮುಗಿಯಿತು. ಮುಚ್ಚಿಟ್ಟದ್ದಕ್ಕೆ ಕಾಂಟ್ರಾಕ್ಟ್ ರದ್ದಾಗಿ, ಮುಂದಿನ ತಿಂಗಳೇ ದೇಶ ಬಿಡಬೇಕೆಂದಾಯಿತು. ಸ್ಕೇಟಿನ ಮಾತೆತ್ತಿದ್ದರೆ ನಾನು ಜೈಲಿನಲ್ಲಿರುತ್ತಿದ್ದೆ.

ಹತ್ತು ದಿನ ಆಸ್ಪತ್ರೆಗೆ ಹೋಗುವ ಧೈರ್ಯ ಬರಲಿಲ್ಲ. ಮಗಳೇ ಹಟ ಹಿಡಿದು ಕರೆದುಕೊಂಡು ಹೋದಳು. ಅವಳಿಗೆ ಅವರು ಹೇಳಿದರು: "ಮುಂದಿನ ವರ್ಷ ಹೊಸ ಕೋಚ್ ಬರುತ್ತಾನೆ. ಕಣ್ಣು ತೆರೆದುಕೊಂಡು ಹೋಗು. ನಿನ್ನಲ್ಲಿ ಆಟ ಇದೆ." ಅವಳನ್ನು ನೀರು ತರಲು ಕಳಿಸಿ ನನ್ನ ಕಡೆ ತಿರುಗಿದರು. ನಾನು ಏನೋ ತೊದಲಿದೆ. ಅವರು ಕೈಯೆತ್ತಿ ನಿಲ್ಲಿಸಿದರು.

"ಆ ಮಗುವಿಗೆ ಅಪ್ಪ ಬೇಕು, ಅದಕ್ಕೆ ಹೇಳಲಿಲ್ಲ. ಕ್ಷಮಿಸಿದ್ದೇನೆ ಅಂದುಕೊಳ್ಳಬೇಡ. ನಾನು ಕ್ಷಮಿಸುವುದಿಲ್ಲ. ಹೇಳುವುದೂ ಇಲ್ಲ. ಎರಡೂ ಬೇರೆ." ದಿಂಬು ಸರಿಮಾಡಿಕೊಂಡು ಕೇಳಿದರು, "ಯಾವ ಕಲ್ಲು ಹಿಡಿದೆ?" ಎಣ್ಣೆಕಲ್ಲು ಎಂದೆ. "ಹಾಂ. ಒಳ್ಳೆಯ ಕೆಲಸ" ಎಂದು ಗೋಡೆಯ ಕಡೆ ಮುಖ ಮಾಡಿ ಮಲಗಿದರು. ನಾವು ಮಾತಾಡಿದ್ದು ಅದೇ ಕೊನೆ. ಏರ್‌ಪೋರ್ಟಿಗೆ ಗಾಲಿ ಕುರ್ಚಿಯಲ್ಲಿ ಹೋದರಂತೆ. ನಾನು ಹೋಗಲಿಲ್ಲ.

ಹೋಗುವ ಮೊದಲು ಅವರು ರಿಂಕಿನವರಿಗೆ ಒಂದು ಕಾಗದ ಬರೆದುಕೊಟ್ಟಿದ್ದರು. ಸ್ಕೇಟ್ ಹರಿತ ಮಾಡುವ ಕೆಲಸವನ್ನು ಈ ಮನುಷ್ಯನೊಬ್ಬನಿಗೇ ಕೊಡಿ, ಈ ಊರಿನಲ್ಲಿ ಇದನ್ನು ಬಲ್ಲವನು ಬೇರೆ ಯಾರೂ ಇಲ್ಲ, ಎಂದು. ಅದರಿಂದ ನನ್ನ ಇಕಾಮಾ ವರ್ಕ್‌ಶಾಪಿನಿಂದ ರಿಂಕಿಗೆ ಬದಲಾಯಿತು, ಧೂಳಿನಿಂದ ತಂಪಿಗೆ ಬಂದೆ, ಮಗಳ ಓದು ಮುಗಿಯಿತು. ಅದು ದಯೆಯೋ ಶಿಕ್ಷೆಯೋ ಎಂದು ಇಂದಿಗೂ ನನಗೆ ಬಗೆಹರಿದಿಲ್ಲ. ದಿನಾ ಬೆಳಗಾದರೆ ಅದೇ ಕಲ್ಲು, ಅದೇ ಅಂಚು, ನಂಬಿ ಕಾಲು ಚಾಚುವ ಅದೇ ಮಕ್ಕಳು. ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತಾರೆ ನಮ್ಮಲ್ಲಿ. ನಾನು ಮೊದಲು ಜಂತೆ ಎಣಿಸಿ, ಆಮೇಲೆ ಹನ್ನೆರಡು ವರ್ಷ ಅದೇ ಮನೆಯಲ್ಲಿ ಉಂಡೆ.

ಆ ಹನ್ನೆರಡನೆಯ ವರ್ಷ ಒಂದು ದಿನ ಮುದೀರ್ ಫೋನಿನಲ್ಲಿ ಬಂದ ಫೋಟೊ ತೋರಿಸಿದರು. ಕೋಚು ತಮ್ಮ ಊರಿನಲ್ಲಿ ತೀರಿಕೊಂಡಿದ್ದರು. ಹೃದಯಾಘಾತ. ಕೊನೆಯವರೆಗೂ ಯಾವ ರಿಂಕಿನೊಳಗೂ ಕಾಲಿಡಲಿಲ್ಲವಂತೆ. ಅವರ ಮನೆಯ ಬೀದಿಯ ತುದಿಯಲ್ಲೇ ಒಂದಿತ್ತಂತೆ.

ಅಂದು ಸಂಜೆ ಊಟಕ್ಕೆ ಕುಳಿತಾಗ ಮಗಳಿಗೆ ಎಲ್ಲ ಹೇಳಿಬಿಟ್ಟೆ. ಅವಳು ಆಗ ಶರ್ಕ್ ಬಡಾವಣೆಯ ಒಂದು ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿದ್ದಳು. ಕೋಚು ಮುಂದಿನ ವರ್ಷ ಹೋಗು ಎಂದು ಹೇಳಿದ್ದರೂ ಅವಳು ಮತ್ತೆ ಎಂದೂ ಸ್ಕೇಟ್ ಮುಟ್ಟಿರಲಿಲ್ಲ. ನಕ್ಕವರೆದುರು ಅವಮಾನ ಮಾಡಿ ಅವಳ ಆಟ ಮುರಿದವರು ಅವರು ಎಂಬ ಒಂದೇ ಸಮಾಧಾನದ ಮೇಲೆ ನಾನು ಅಷ್ಟು ವರ್ಷ ನಿದ್ದೆ ಮಾಡಿದ್ದೆ. ಹೇಳುತ್ತಾ ಹೇಳುತ್ತಾ ಅದನ್ನೂ ಹೇಳಿದೆ. ಏನೇ ಆಗಲಿ, ಅವರಿಂದಲೇ ತಾನೇ ನಿನ್ನ ಆಟ ನಿಂತದ್ದು, ಎಂದೆ.

ಅವಳು ತಟ್ಟೆಯಿಂದ ತಲೆಯೆತ್ತಲಿಲ್ಲ.

"ನಂಗೊತ್ತಿತ್ತ್, ಪಪ್ಪಾ. ಐ ವಾಸ್ ಸ್ಟ್ಯಾಂಡಿಂಗ್ ನೆಕ್ಸ್ಟ್ ಟು ಯು. ಅವ್ರ್ ಉಗುರ್ ಇಟ್ಟ್ ಕಂಡದ್ದ್, ನಿಮ್ಮನ್ನ್ ಕಂಡದ್ದ್, ಎಲ್ಲಾ ಕಂಡಿದೆ. ಅವ್ರ್ ತೆಗ್ದದ್ದಕ್ಕೆ ನಾನ್ ಎರಡ್ ದಿನ ಅತ್ತೆ, ಅಷ್ಟೇ. ಮುಂದಿನ್ ವರ್ಷ ಹೋಪ ಅಂತ ಇದ್ದಿತ್ತ್."

"ಮತ್ತೆ ಎಂತಕ್ಕೆ ಹೋಯ್ಲಿಲ್ಲ?" ಎಂದೆ.

"ನನ್ನ ಸ್ಕೇಟ್ ಶಾರ್ಪ್ ಮಾಡುದ್ ನೀವೇ ಅಲ್ದಾ?"

ಸಿಟ್ಟಿನಿಂದ ಹೇಳಿದ ಮಾತಲ್ಲ ಅದು. ನಿಜವಾಗಿಯೂ ಕೇಳಿದಳು, ಕೇಳಿ ಉತ್ತರಕ್ಕೆ ಕಾದಳು. ನಾನು ಹೌದು ಎಂದೆ.